ಅರಸಿನ ಎಲೆಗೆ ಗಿರಾಕಿಯಿಲ್ಲದ ಪಂಚಮಿ

ನನ್ನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಪಡೀಲಿನ ಮನೆಯಲ್ಲಿ, ಊಟದ ಮೇಜಿನ ಮುಂದೆ ಬನಿಯನ್ನಿನಲ್ಲಿ ಕುಳಿತು ನಾನು ಯುದ್ಧದ ಬಗ್ಗೆ ಬರೆಯುತ್ತೇನೆ. ಬಂದೂಕಿನ ಯುದ್ಧವಲ್ಲ, ಮೊಬೈಲಿನಿಂದ ಮೊಬೈಲಿಗೆ ದಾಟುತ್ತಾ ಊರಿನ ಮನಸ್ಸು ಕೆಡಿಸುವ ಹೊಸ ಬಗೆಯ ಯುದ್ಧ. ವದಂತಿಯೇ ಅದರ ಮದ್ದುಗುಂಡು. ಅದನ್ನು ಮುಂದಕ್ಕೆ ಕಳಿಸುವ ನಾವೆಲ್ಲ ಸಂಬಳವಿಲ್ಲದ ಸೈನಿಕರು. ದೂರದ ಊರಿನ ಸಂಸ್ಥೆಯೊಂದು ಇದನ್ನೆಲ್ಲ ನನ್ನಿಂದ ಬರೆಸಿಕೊಳ್ಳುತ್ತದೆ. ಪ್ರತಿ ವರದಿಯ ಕೊನೆಗೆ, ಇಂಥ ದಾಳಿಯನ್ನು ಒಂದು ಸಮುದಾಯ ಹೇಗೆ ತಡೆದುಕೊಂಡು ನಿಲ್ಲಬೇಕು ಎಂಬ ಎರಡು ಪುಟ ಇರಲೇಬೇಕು. ಅದನ್ನು ನಾನು ಮಧ್ಯಾಹ್ನದ ನಿದ್ದೆ ಮುಗಿಸಿ ಸರಾಗವಾಗಿ ಬರೆದುಬಿಡುತ್ತೇನೆ. ನನ್ನ ಹೆಂಡತಿಗೆ ಈ ಪಾಂಡಿತ್ಯದ ಮೇಲೆ ಅಂಥ ಗೌರವವೇನೂ ಇಲ್ಲ. “ಯುದ್ಧ ಮುಗಿದಿದ್ರೆ ಒಂದು ತೆಂಗಿನಕಾಯಿ ಸುಲಿದು ಕೊಡಿ” ಎನ್ನುತ್ತಾಳೆ.

ಆ ಎರಡು ಪುಟಗಳಲ್ಲಿ ನನಗೆ ಅಚ್ಚುಮೆಚ್ಚಿನ ಸಲಹೆಯೊಂದಿತ್ತು. ಸುಳ್ಳು ಊರಿಗೆ ಬರುವ ಮೊದಲೇ ಅದನ್ನು ಜನರಿಗೆ ತೋರಿಸಿ ಎಚ್ಚರಿಸಬೇಕು, ಮಕ್ಕಳಿಗೆ ಲಸಿಕೆ ಹಾಕಿಸಿದ ಹಾಗೆ. ಈ ಸಲ ನಾಗರಪಂಚಮಿಗೆ ವಾರವಿರುವಾಗ ವೃತ್ತಿಯ ಗೆಳೆಯರೊಬ್ಬರು ನನಗೊಂದು ಧ್ವನಿ ಸಂದೇಶ ಕಳಿಸಿದರು. ಹಬ್ಬದ ಎಲೆ, ಸೀಯಾಳ ಬ್ಯಾರಿ ಮುಸ್ಲಿಮರ ಅಂಗಡಿಯಿಂದ ತರಬೇಡಿ, ಅದಕ್ಕೆ ಎಂತದೋ ಹಾಕ್ತಾರಂತೆ ಎಂದು ಯಾರೋ ಹೆದರಿದ ದನಿಯಲ್ಲಿ ಹೇಳುತ್ತಿದ್ದರು. ಹಸಿ ಸುಳ್ಳು. ನಮ್ಮ ಅಡ್ಡರಸ್ತೆಗೆ ಅದಿನ್ನೂ ಬಂದಿರಲಿಲ್ಲ. ತಂದದ್ದು ನಾನು. ರಸ್ತೆಯವರ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಿ, ಕೆಳಗೆ ಅದು ಯಾಕೆ ಸುಳ್ಳು ಎಂದು ನಾಲ್ಕು ಪ್ಯಾರಾ ಬರೆದೆ. ಬರೆದು ಮುಗಿಸಿದಾಗ ಹೆಮ್ಮೆಯೂ ಆಯಿತು.

ನಾಲ್ಕು ಪ್ಯಾರಾ ಓದುವ ಪುರುಸೊತ್ತು ಯಾರಿಗೂ ಇರಲಿಲ್ಲ. ಅರ್ಧ ನಿಮಿಷದ ದನಿಯನ್ನು ಎಲ್ಲರೂ ಕೇಳಿದರು. “ಶೆಟ್ರೇ ಹಾಕಿದ್ದಾರಲ್ಲ, ಎಂತಾದ್ರೂ ಇರ್ಬೇಕು” ಎಂದರಂತೆ ಪಕ್ಕದ ಮನೆಯವರು. ನಮ್ಮ ರಸ್ತೆಯಲ್ಲಿ ಬ್ಯಾರಿಗಳ ಅಂಗಡಿ ಇರುವುದು ಒಂದೇ, ಹಮೀದಾಕನದು.

ನಮ್ಮ ಹಬ್ಬಗಳು ನಮಗಿಂತ ಚೆನ್ನಾಗಿ ನೆನಪಿರುವುದು ಅವರಿಗೆ. ಪಂಚಮಿಗೆ ಕಡುಬು ಬೇಯಿಸಲು ಅರಸಿನ ಎಲೆ ಬೇಕೇ ಬೇಕು. ಅವರು ಅದನ್ನು ಮನೆಗೊಂದು ಕಟ್ಟು ಮಾಡಿ, ಶೆಟ್ರು, ಟೀಚರು ಎಂದು ಚೀಟಿ ಸಿಕ್ಕಿಸಿ ಇಡುತ್ತಾರೆ. ನಾವು ಮರೆತರೆ ಕರೆದು ಕೊಡುತ್ತಾರೆ. ಪಂಚಮಿಯ ಮುನ್ನಾದಿನ ಮಧ್ಯಾಹ್ನ ನಾನು ಹೋದಾಗ ಕಟ್ಟುಗಳೆಲ್ಲ ಚೀಟಿ ಸಮೇತ ಹಾಗೇ ಇದ್ದವು, ಎಲೆಯ ಅಂಚು ಬಾಡಿತ್ತು.

ಹಮೀದಾಕ ಕೂಡ ಅದೇ ವಾಟ್ಸಾಪ್ ಗುಂಪಿನಲ್ಲಿದ್ದಾರೆ ಎಂಬುದು ನನಗೆ ನೆನಪೇ ಇರಲಿಲ್ಲ.

“ಶೆಟ್ರೆ, ನೀವು ಬರೆದದ್ದು ನಾನು ಪೂರ್ತಿ ಓದಿದ್ದೇನೆ. ಎರಡು ಸಲ. ಒಳ್ಳೆದುಂಟು” ಎಂದರು. “ಆದ್ರೆ ಅದನ್ನು ಹಾಕುವ ಮೊದಲು ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತಲ್ಲ ಮಾರಾಯ್ರೆ?”

ತಪ್ಪಾಯಿತು ಎಂದೆ.

“ನಿಮ್ಮ ಮೇಲೆ ಕೋಪ ಇಲ್ಲ. ಮುಂದಿನ ವರ್ಷ ನಾನು ಎಲೆ ತರುವುದಿಲ್ಲ, ಅಷ್ಟೆ. ಹಬ್ಬದ ದಿನ ಯಾರದ್ದಾದ್ರೂ ಮಗುವಿಗೆ ಸುಮ್ಮನೆ ಹೊಟ್ಟೆನೋವು ಬಂದ್ರೂ ನನಗೆ ಹೆದರಿಕೆ.”

ಅಷ್ಟೂ ಕಟ್ಟನ್ನು ನಾನೇ ಒಯ್ಯುತ್ತೇನೆ ಎಂದೆ. ಅವರು ನನ್ನದೊಂದನ್ನು ಮಾತ್ರ ಕೊಟ್ಟರು. “ಉಳಿದದ್ದಕ್ಕೆ ಹೆಸರುಂಟು. ಸಂಜೆ ತನಕ ಇಡ್ತೇನೆ.”

ಎಲೆಯ ಕಟ್ಟನ್ನು ಚೀಲಕ್ಕೆ ಹಾಕದೆ ಎಲ್ಲರಿಗೂ ಕಾಣುವ ಹಾಗೆ ಹಿಡಿದು ಹೊರಟೆ. ದಾರಿಯಲ್ಲಿ ಟೀಚರು ತಮ್ಮ ಮನೆಯ ಗೇಟಿನ ಬಳಿ ನಿಂತಿದ್ದರು.

“ಎಲೆ ಎಲ್ಲಿ ಸಿಕ್ಕಿತು?”

“ಹಮೀದಾಕನಲ್ಲಿ. ನಿಮ್ಮದೂ ಉಂಟು, ಹೆಸರು ಬರೆದಿಟ್ಟಿದ್ದಾರೆ. ಆ ಸುಳ್ಳನ್ನು ಇಲ್ಲಿಗೆ ತಂದದ್ದು ನಾನೇ.”

ಅವರು ಎಲೆಯ ಅಂಚು ಮುಟ್ಟಿ ನೋಡಿ, “ನೋಡ್ತೇನೆ” ಎಂದು ಒಳಗೆ ಹೋದರು.

ನಾನು ಅವರ ಪಕ್ಕದ ಮನೆಯ ಗೇಟಿನ ಚಿಲಕ ತೆಗೆದೆ. ಆ ಸುಳ್ಳನ್ನು ಕಳಿಸುವುದಕ್ಕೆ ಒಂದು ಬೆರಳು ಸಾಕಾಗಿತ್ತು. ವಾಪಸು ತರುವುದಕ್ಕೆ ಇನ್ನೂ ಹದಿನೇಳು ಗೇಟು ಬಾಕಿ ಇದ್ದವು, ಎರಡರಲ್ಲಿ ನಾಯಿ ಬೇರೆ.