ಮುಕಿಮೊ ಪಾತ್ರೆಗೆ ನನ್ನ ಚಮಚ

ನಕುರು, ಎಲ್ಡೊರೆಟ್‌ಗಳ ಕೃಷಿ ಮೇಳ ಸುತ್ತಿ, ಅಲ್ಲಲ್ಲಿನ ಊಟದ ರುಚಿ ನೋಡುತ್ತ ಇವತ್ತು ನೈರೋಬಿಯ ಮೇಳಕ್ಕೆ ಬಂದೆವು. ಮಗಳು ಅನಘಾ ಜೊತೆ ಮೇಕೆಗಳ ದೊಡ್ಡಿಯಲ್ಲಿ ಅರ್ಧ ಗಂಟೆ ಕಳೆದು, ಸಿಕ್ಕಸಿಕ್ಕ ಮೇಕೆಗಳ ಬೆನ್ನು ಸವರಿ, ಹಸಿವಾದಾಗ ಮುಕಿಮೊ ಮಾರುವಾಕೆಯ ಮುಂದೆ ನಿಂತೆ. ಆಲೂಗಡ್ಡೆ, ಮೆಕ್ಕೆಜೋಳ, ಕುಂಬಳದ ಸೊಪ್ಪು ಬೇಯಿಸಿ ಹಿಸುಕಿದ ಹಸಿರು ಮುದ್ದೆ ಅದು. ಪಕ್ಕದ ಒಲೆಯಲ್ಲಿ ಮಾಂಸ ಕುದಿಯುತ್ತಿತ್ತು.

“ಈ ಸೌಟನ್ನ ಅದಕ್ಕೂ ಹಾಕ್ತೀರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ಇಲ್ಲ ಮೇಡಂ, ಅದಕ್ಕೆ ಬೇರೆ ಇದೆ.”

ಮತ್ತೊಮ್ಮೆ ಕೇಳಿದೆ. ಆಕೆ ಅದನ್ನೇ ಹೇಳಿದಳು.

“ಅಮ್ಮ, ಶಿ ಆಲ್ರೆಡಿ ಟೋಲ್ಡ್ ಯು,” ಎಂದಳು ಅನಘಾ.

ಅಜ್ಜಿಯ ಮಡಿಯನ್ನು ಗೇಲಿ ಮಾಡುತ್ತ ಬೆಳೆದವಳು ನಾನು. ಆದರೂ ಮನಸ್ಸು ಒಪ್ಪಲಿಲ್ಲ. ಬ್ಯಾಗಿನಿಂದ ಮನೆಯ ಸ್ಟೀಲ್ ಚಮಚ ತೆಗೆದು, ನಾನೇ ಬಡಿಸಿಕೊಳ್ಳುತ್ತೇನೆಂದು ಪಾತ್ರೆಗೆ ಹಾಕಿಯೇಬಿಟ್ಟೆ. ಅಂಗೈಗೆ ಅಂಟಿದ್ದ ಮೇಕೆಯ ಕೂದಲು ಮುದ್ದೆಯ ಮೇಲೆ ಉದುರಿತು.

ಆಕೆ ಬೈಯಲಿಲ್ಲ. ಬಿಸಿನೀರಿನ ಜಗ್ ತಂದು, “ಮೊದಲು ಕೈ, ಮೇಡಂ,” ಎಂದು ನನ್ನ ಕೈಗಳ ಮೇಲೆ ನಿಧಾನವಾಗಿ ಸುರಿದಳು. ಊಟಕ್ಕೆ ಬಂದ ಎಲ್ಲರಿಗೂ ಇಲ್ಲಿ ಹೀಗೆ ನೀರು ಹಾಕುತ್ತಾರೆ. ನಾನು ಅದಕ್ಕೂ ಕಾದಿರಲಿಲ್ಲ. ಆಮೇಲೆ ಪಾತ್ರೆಯ ಇನ್ನೊಂದು ಬದಿಯಿಂದ ನಮಗಿಬ್ಬರಿಗೂ ಬಡಿಸಿದಳು.

ತಿಂದೆದ್ದು, ಅಸಾಂಟೆ ಎಂದು ಧನ್ಯವಾದ ಹೇಳಲು ತಿರುಗಿದೆ. ನಾನು ಚಮಚ ಹಾಕಿದ್ದ ಕಡೆಯ ಮುಕಿಮೊವನ್ನೆಲ್ಲ ತನ್ನ ತಟ್ಟೆಗೆ ಬಳಿದುಕೊಂಡು, ಕೂದಲು ಆರಿಸಿ ಹಾಕುತ್ತ, ಆಕೆ ಊಟಕ್ಕೆ ಕೂತಿದ್ದಳು.