ಅರ್ಧ ಗುಳಿಗೆಯ ಆಣೆ

ಬಿದ್ದು ಸೊಂಟಕ್ಕೆ ಪೆಟ್ಟಾದಾಗ ಸೈದಪ್ಪನನ್ನು ಯಾರೂ ನಶೆಕೋರ ಅನ್ನಲಿಲ್ಲ. ಮುಂಬಯಿ ಪಕ್ಕದ ತುರ್ಭೆಯ ಈರುಳ್ಳಿ ಮಾರುಕಟ್ಟೆಯಲ್ಲಿ ಹದಿನಾಲ್ಕು ವರ್ಷ ಮೂಟೆ ಹೊತ್ತ ಈ ಕಲಬುರಗಿಯ ಹಮಾಲ ಲಾರಿಯ ಹಲಗೆಯಿಂದ ಜಾರಿದ್ದ. ಬಲವಾದ ನೋವಿನ ಗುಳಿಗೆ ಕೊಡುವ ಡಾಕ್ಟರ ಹತ್ತಿರ ಅವನನ್ನು ಕರೆದೊಯ್ದವನು ಹಮಾಲರ ಮುಖ್ಯಸ್ಥ, ಮುಕಾದಮ ಅಂಬಾದಾಸನೇ. ಗುಳಿಗೆ ನುಂಗು, ಮೂಟೆ ಎತ್ತು. ಹೀಗೇ ಒಂದು ವರ್ಷ. ಇದು ಮೈಗೆ ಹತ್ತಿದರೆ ಬಿಡುವುದು ಕಷ್ಟ ಅಂತ ಆ ಡಾಕ್ಟರ್ ಮಹಾನುಭಾವ ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅದನ್ನು ಹೇಳಿದವರು, ವರ್ಷದ ಮೇಲೆ ತೋರಿಸಿಕೊಂಡ ಸರಕಾರಿ ಆಸ್ಪತ್ರೆಯ ನಳಿನಾಕ್ಷಿ ಡಾಕ್ಟರು. ಒಮ್ಮೆಲೇ ಬಿಡಬಾರದು, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಆಗ ಸಿಟ್ಟು ಬರುತ್ತದೆ, ಅಳು ಬರುತ್ತದೆ, ಅದು ಅವನ ಗುಣವಲ್ಲ ಎಂದು ಹೆಂಡತಿ ದಾನಮ್ಮನನ್ನು ಕೂರಿಸಿಕೊಂಡು ವಿವರಿಸಿದರು. ಓದು ಬಾರದವಳಿಗೆಂದು ಚೀಟಿಯ ಮೇಲೆ ಇಡೀ ಗುಳಿಗೆಗೆ ಪೂರ್ಣ ಚಂದ್ರ, ಅರ್ಧಕ್ಕೆ ಅರ್ಧ ಚಂದ್ರ ಬರೆದುಕೊಟ್ಟರು.

ಗುಳಿಗೆ ಇಳಿಸತೊಡಗಿದ ಮೂರನೇ ವಾರ ಸೈದಪ್ಪ ಸಣ್ಣ ಮಾತಿಗೆ ಜೊತೆಯವನ ಕೊರಳಪಟ್ಟಿ ಹಿಡಿದ. ಮರುಗಳಿಗೆ ಮೂಟೆಯ ಮೇಲೆ ಕೂತು ಗಳಗಳ ಅತ್ತ. ಅವನ ಟೋಳಿಯ, ಅಂದರೆ ಗುಂಪಿನ ಹಮಾಲರೆಲ್ಲ ನಕ್ಕರು. ಅವರಿಗೆ ಗೊತ್ತಿದ್ದ ಚಟ ಒಂದೇ, ಕುಡಿತ. ಗೊತ್ತಿದ್ದ ಮದ್ದೂ ಒಂದೇ, ದೇವರ ಅರಿಶಿನದ ಭಂಡಾರ ಮುಟ್ಟಿಸಿ ಆಣೆ ಹಾಕಿಸುವುದು. ಇನ್ನು ಗುಳಿಗೆ ಮುಟ್ಟಿದರೆ ಟೋಳಿಯಿಂದ ಹೊರಗೆ ಎಂದು ಅಂಬಾದಾಸ ಆಣೆ ಮಾಡಿಸಿದ.

ಎರಡೇ ದಿನ. ಮೈ ನಡುಗಿತು, ಬೆವರು ಸುರಿಯಿತು. ಎಂದೂ ದನಿ ಏರಿಸದ ಮನುಷ್ಯ ಊಟದ ತಾಟನ್ನು ಗೋಡೆಗೆ ಎಸೆದ. ದಾನಮ್ಮ ಅರ್ಧ ಗುಳಿಗೆ ಕೊಡಹೋದರೆ ದೇವರ ಆಣೆ ಅಂತ ಹಲ್ಲು ಕಚ್ಚಿದ.

ದಾನಮ್ಮನಿಗೆ ಮೈಯೆಲ್ಲ ಉರಿಯಿತು. ಅರ್ಧ ಗುಳಿಗೆ ಮತ್ತೆ ಶುರುಮಾಡಬಹುದೇ ಎಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಂಡು, ಗಂಡನನ್ನು ರಿಕ್ಷಾ ಹತ್ತಿಸಿ ನೇರ ಮಾರುಕಟ್ಟೆಗೆ ಹೋದಳು. ಟೋಳಿ ಚಹಾ ಕುಡಿಯುತ್ತಿತ್ತು.

"ಅಂಬಾದಾಸಣ್ಣ, ಇವರಿಗಿ ಮೊದಲ್ನೇ ಗುಳಗಿ ಕೊಡಿಸ್ದವರು ಯಾರು?"

"ಚಟ ಬಿಡಸ್ಲಾಕ ಆಣಿ ಹಾಕ್ಸೀವಿ, ದಾನವ್ವ."

"ಚಟ ಅಲ್ಲದು. ನಿಮ್ಮ ಮೂಟಿ ಎತ್ತಲಾಕ ನುಂಗ್ಯಾರ. ಅವಾಗ ನಶಾ ಅನ್ಲಿಲ್ಲ, ಈಗ ಅಂತೀರಿ. ನಾಚಿಕಿ ಬರಂಗಿಲ್ಲೇನು?" ಚೀಟಿಯನ್ನು ಅವನ ಮುಖದೆದುರು ಹಿಡಿದಳು. "ಈ ಕಡೀ ಅರ್ಧ ಚಂದ್ರ ಮುಗಿಯೋತನಕ ಇವರ ಜಾಗಾ ಯಾರಿಗೂ ಕೊಡಂಗಿಲ್ಲಂತ ಈಗ ನೀವು ಆಣಿ ಮಾಡ್ರಿ." ಸೆರಗಿನ ಗಂಟು ಬಿಚ್ಚಿ ಭಂಡಾರದ ಪೊಟ್ಟಣ ಅವನ ಮುಂದಿಟ್ಟಳು.

ಅಂಬಾದಾಸ ಚಹಾದ ಲೋಟ ಕೆಳಗಿಟ್ಟು ಭಂಡಾರ ಮುಟ್ಟಿದ. "ಆಣಿ ಹಾಕ್ಸಿದಾಂವ ನಾನು, ನಾನೇ ಬಿಡಸ್ತೀನಿ. ನಿನ್ನ ಜಾಗಾ ಎಲ್ಲೂ ಹೋಗಂಗಿಲ್ಲ. ನುಂಗೋ ತಮ್ಮ," ಎಂದು ತನ್ನ ನೀರಿನ ಬಾಟಲಿ ಕೊಟ್ಟ.

ಸೈದಪ್ಪ ಅರ್ಧ ಗುಳಿಗೆ ನುಂಗಿ ಎಲ್ಲರೆದುರು ಅತ್ತ. ಈ ಸಲ ಯಾರೂ ನಗಲಿಲ್ಲ. ದಾನಮ್ಮನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಆ ಮೊದಲಿನ ಡಾಕ್ಟರ ದವಾಖಾನೆ ಯಾವ ಗಲ್ಲಿಯಲ್ಲಿದೆ ಎಂದು ಅಂಬಾದಾಸನನ್ನೇ ಕೇಳಿದಳು.