ಸೀಟಿನ ಕೆಳಗಿನ ಕಲ್ಲು

ಬ್ರೂಸ್‌ಪೇಟೆಯಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುತ್ತಿದ್ದ ಪರಿಚಯದ ಮೆಕ್ಯಾನಿಕ್ ಒಬ್ಬರು, ಕಿವಿಗೆ ಟೆಸ್ಟರ್ ಸಿಕ್ಕಿಸಿಕೊಂಡು, ಯಾವ ಹೊಸ ಸಾಮಾನು ಕಂಡರೂ ಒಂದೇ ಕೇಳುತ್ತಿದ್ದರು: “ಕರೆಂಟ್ ಹೋದ್ರ ಏನ್ ಮಾಡ್ತೀರಿ?” ನಮ್ಮ ಕರೆಂಟ್ ಒಲೆಗೂ ಅದೇ ಪ್ರಶ್ನೆ. ಉತ್ತರಕ್ಕೆ ಕಾಯುತ್ತಿರಲಿಲ್ಲ.

ಗುಜರಿ ಸಾಮಾನಿನಿಂದ ಮನೆಯಲ್ಲೇ ಒಂದು ಕಾರು ಕಟ್ಟಿದ್ದರು. ಹ್ಯಾಂಡ್‌ಬ್ರೇಕ್ ಇರಲಿಲ್ಲ, ನಿಲ್ಲಿಸಿದಲ್ಲೆಲ್ಲ ಸೀಟಿನ ಕೆಳಗಿಂದ ಒಂದು ಚಪ್ಪಟೆ ಕಲ್ಲು ತೆಗೆದು ಗಾಲಿಗೆ ಅಡ್ಡ ಕೊಡುತ್ತಿದ್ದರು. ಅಂಥವರು ಈಗ ಅದೇ ಕಾರಿಗೆ ಗುಂಡಿ ಒತ್ತಿದರೆ ಹಿಡಿಯುವ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಕೂಡಿಸಿದ್ದಾರೆಂದರೆ ನನಗೆ ನೋಡದೆ ಇರಲಾಗಲಿಲ್ಲ.

ನನ್ನನ್ನು ಕೂರಿಸಿಕೊಂಡು ಹೋಗಿ, ಕುರುಗೋಡಿನ ಗುಡ್ಡದ ಏರಿನಲ್ಲಿ ಕಾರು ನಿಲ್ಲಿಸಿ ಗುಂಡಿ ಒತ್ತಿದರು. ಹಿಂದಿನ ಗಾಲಿಗಳ ಹತ್ತಿರ ಗುರ್ರ್ ಎಂದಿತು. ಅವರ ಮಾತನ್ನು ಅವರಿಗೇ ತಿರುಗಿಸಿದೆ: “ಕರೆಂಟ್ ಹೋದ್ರ ಏನ್ ಮಾಡ್ತೀರಿ, ಅಣ್ಣಾ?”

ಅವರು ಇಳಿದು ಬ್ಯಾಟರಿಯ ವೈರನ್ನೇ ಕಿತ್ತರು.

“ಹಿಡಿಯಾಕ ಕರೆಂಟ್ ಬೇಕು, ಬಿಡಾಕ ಬೇಕು. ಹಿಡ್ಕೊಂಡು ಕುಂದ್ರಾಕ ಬೇಕಾಗಿಲ್ಲ.”

ಹಾಗೆಂದು, ಫ್ಲಾಸ್ಕ್ ಹಿಡಿದು ಕಾರಿನ ಹಿಂದೆ, ಇಳಿಜಾರಿನ ಕಡೆಗೇ ಹೋಗಿ, ಬಂಪರಿಗೆ ಬೆನ್ನು ಕೊಟ್ಟು ಕೂತರು. “ಬರ್ರಿ, ಚಾ ಕುಡಿಯೋಣು.”

ನಾನು ಮೊದಲು ಸೀಟಿನ ಕೆಳಗೆ ಕೈ ಹಾಕಿ ಕಲ್ಲಿಗಾಗಿ ತಡಕಾಡಿದೆ. ಇರಲಿಲ್ಲ. ಹಿಂದೆ ಹೋಗಿ ನೋಡಿದರೆ ಅದು ಅವರ ಪಕ್ಕದಲ್ಲಿತ್ತು. ಅದರ ಮೇಲೆ ನನ್ನ ಚಾ ಆರುತ್ತಿತ್ತು.